ಬೆನ್ನಿಲ್ಲದ ಪಟ

ಹಿಂದೆ ನಮ್ಮ ಮನೆಗಳಲ್ಲಿದ್ದ ಪಟಗಳಿಗೆ ಒಂದು ಬೆನ್ನಿರುತ್ತಿತ್ತು. ಮದುವೆಯ ಗುಂಪಿನ ಪಟವೋ, ಪರೀಕ್ಷೆ ಪಾಸಾದ ವರ್ಷ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡ ಭಾವಚಿತ್ರವೋ, ಯಾವುದೇ ಆಗಲಿ, ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಯಾರೋ ಮಸಿಯಿಂದ ಒಂದೆರಡು ಸಾಲು ಬರೆದಿರುತ್ತಿದ್ದರು: ಇಂಥವರು, ಇಂಥ ಊರು, ಇಂಥ ಸಂವತ್ಸರ. ಕೆಲವದರ ಮೇಲೆ 'ನೋಡಿದ ಕೂಡಲೆ ಹಿಂದಿರುಗಿಸುವುದು' ಎಂಬ ಅಪ್ಪಣೆಯೂ ಇರುತ್ತಿತ್ತು. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಕಳುಹಿಸಿದ ಪಟಗಳಲ್ಲಂತೂ ಈ ಮಾತಿಗೆ ವಿಶೇಷವಾದ ಬೆಲೆ. ಪತ್ರಿಕಾ ಕಚೇರಿಗಳಲ್ಲಿಯೂ ಛಾಯಾಚಿತ್ರದ ಬೆನ್ನಿಗೆ ವಿವರದ ಚೀಟಿ ಅಂಟಿಸುವ ವಾಡಿಕೆಯಿತ್ತು. ಪಟವನ್ನು ಯಾರು ಎಲ್ಲಿಗೆ ಒಯ್ದರೂ ಬೆನ್ನು ಅದರ ಜೊತೆಗೇ ಹೋಗುತ್ತಿತ್ತು. ಮುಖವನ್ನಷ್ಟೆ ಕಿತ್ತುಕೊಂಡು ಬೆನ್ನನ್ನು ಅಲ್ಲಿಯೇ ಬಿಟ್ಟುಹೋಗುವ ಉಪಾಯ ಯಾರಿಗೂ ತಿಳಿದಿರಲಿಲ್ಲ.

ಆ ಉಪಾಯ ಈಗ ನನ್ನಂಥ ಹಳಬನಿಗೂ ಕರಗತವಾಗಿದೆ. ಅದನ್ನು ಉಪಯೋಗಿಸಿ ನಾನೊಂದು ತಪ್ಪು ಮಾಡಿದೆ. ತಪ್ಪು ಸಣ್ಣದೋ ದೊಡ್ಡದೋ ಎಂಬ ವಿಷಯದಲ್ಲಿ ನನ್ನ ಮಿತ್ರರಲ್ಲಿ ಒಮ್ಮತವಿಲ್ಲ. ಓದುಗರ ಮುಂದಿಟ್ಟರೆ ನನಗಾದರೂ ಅದು ಸ್ವಲ್ಪ ಸ್ಪಷ್ಟವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಉಪಾಧ್ಯಾಯನಾಗಿದ್ದು ನಿವೃತ್ತನಾದವನು. ಹಳೆಯ ಹೆಂಗಸರ ಬಾಯಲ್ಲಿಯೂ ಅವರ ಪುಸ್ತಕಗಳಲ್ಲಿಯೂ ಉಳಿದಿರುವ ಹಾಡುಗಳನ್ನು ಕೂಡಿಡುವುದು ನನ್ನ ಹವ್ಯಾಸ. ಹಸೆಗೆ ಕರೆಯುವ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಹೀಗೆ. ಮೊದಲು ಜಗುಲಿಯ ಮೇಲೆ ಕೂತು ಕೈಯಲ್ಲಿ ಪ್ರತಿ ಮಾಡಿಕೊಳ್ಳುತ್ತಿದ್ದೆ. ಏಳೆಂಟು ವರ್ಷಗಳಿಂದೀಚೆಗೆ ಫೋನಿನಲ್ಲಿ ಪುಟದ ಚಿತ್ರ ತೆಗೆದು, ಟಿಪ್ಪಣಿ ಬರೆದಿಡುವ ಆ್ಯಪೊಂದರಲ್ಲಿ ಸೇರಿಸಿ, ಚಿತ್ರದ ಕೆಳಗೆ ನಾಲ್ಕು ಮಾತು ಬರೆಯುವುದು ರೂಢಿಯಾಯಿತು. ಇಂಥ ಆ್ಯಪುಗಳು ಹಲವಾರಿವೆ. ಮೈಕ್ರೋಸಾಫ್ಟಿನವರ ಒನ್‌ನೋಟ್ 2003ರಲ್ಲಿ ಬಂತು, ಎವರ್‌ನೋಟ್ 2008ರಲ್ಲಿ, ಗೂಗಲ್ ಕೀಪ್ 2013ರಲ್ಲಿ. ನನ್ನದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಅದು ನನ್ನ ಪಟಗಳಿಗೆ ಬೆನ್ನಾಗಿತ್ತು ಎಂದರೆ ಸಾಕು. ಚಿತ್ರ ಮೇಲೆ, ಅದರ ಕಥೆ ಕೆಳಗೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ದೊಡ್ಡಮ್ಮ. ಅವರ ಹಾಡಿನ ಪುಸ್ತಕ ವಾಸ್ತವವಾಗಿ ಉದ್ದನೆಯ ಲೆಕ್ಕದ ಪುಸ್ತಕ. ಪುಟದ ನಡುವೆ ಹಾಡು; ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಲಿನ ಬಾಕಿ, ಅಕ್ಕಿಯ ಬಾಕಿ, ಕೈಸಾಲ. ಕಾಗದಕ್ಕೆ ಬೆಲೆಯಿದ್ದ ಕಾಲದ ಸಂಸಾರವಂದಿಗರು ಒಂದೇ ಪುಟದಲ್ಲಿ ಶೋಭಾನೆಯನ್ನೂ ಸಾಲವನ್ನೂ ಬರೆಯುತ್ತಿದ್ದರು. ಪುಸ್ತಕವನ್ನು ನನ್ನ ಕೈಗಿಡುವಾಗ ಅವರು ಹೇಳಿದ್ದು: "ಓದಿಕೊಳ್ಳೋಕೆ ಬೇಕಾದ್ರೆ ಫೋಟೋ ತಗೊಳ್ಳಿ ಮೇಷ್ಟ್ರೇ. ಊರಿಗೆಲ್ಲ ತೋರಿಸೋದು ಬೇಡ. ಅಂಚಿನಲ್ಲಿ ಏನೇನೋ ಗೀಚಿದೀನಿ." ನಾನು ಹನ್ನೆರಡು ಪುಟಗಳ ಚಿತ್ರ ತೆಗೆದೆ. ಮೊದಲನೆಯ ಚಿತ್ರದ ಕೆಳಗೆ, ಹಾಡಿನ ಹೆಸರು, ಧಾಟಿ ಎಲ್ಲ ಬರೆದು, ಕೊನೆಗೆ 'ಓದಿಕೊಳ್ಳಲು ಮಾತ್ರ ಕೊಟ್ಟದ್ದು. ಅಂಚಿನ ಲೆಕ್ಕ ಯಾರಿಗೂ ತೋರಿಸತಕ್ಕದ್ದಲ್ಲ' ಎಂದೂ ಬರೆದೆ. ಬರೆದುದು ನಿಜ, ಈಗಲೂ ಅದು ಅಲ್ಲಿಯೇ ಇದೆ.

ಇದಾಗಿ ಮೂರು ವರ್ಷ ಕಳೆಯಿತು. ಊರಿನ ಶಾಲೆಗೆ ಐವತ್ತು ತುಂಬಿದ ಸಂದರ್ಭಕ್ಕೆ ಸ್ಮರಣ ಸಂಚಿಕೆ ತರಬೇಕೆಂದಾಯಿತು. ಸಂಚಿಕೆಯ ಹುಡುಗರು ಬಂದು, "ಹಳೆ ಕಾಲದ ಕೈಬರಹದ ಚಿತ್ರ ಯಾವುದಾದರೂ ಇದ್ದರೆ ಕೊಡಿ ಸಾರ್, ಒಂದು ಪುಟಕ್ಕೆ ಚೆಂದ ಕಾಣುತ್ತೆ" ಎಂದರು. ನನ್ನ ತಂಗಿಯ ಮಗ ಆಗ ಮನೆಯಲ್ಲಿದ್ದ. ಟಿಪ್ಪಣಿಯಿಂದ ಚಿತ್ರಗಳನ್ನು ಹೊರಗೆ ತೆಗೆದುಕೊಡೆಂದೆ. "ಬರಹವೂ ಬೇಕಾ ಮಾವ, ಚಿತ್ರ ಮಾತ್ರ ಸಾಕಾ?" ಎಂದು ಕೇಳಿದ. "ಚಿತ್ರ ಮಾತ್ರ ಸಾಕು" ಎಂದೆ. ಐದು ನಿಮಿಷದಲ್ಲಿ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ 312 ಚಿತ್ರಗಳು ಬಂದು ಕೂತವು. ಒಂದಕ್ಕೂ ಹೆಸರಿಲ್ಲ, ಬರೀ ಅಂಕಿ. ಅದರಲ್ಲಿ ಕಣ್ಣಿಗೆ ಅಂದವಾಗಿ ಕಂಡ ಒಂದನ್ನು ಆರಿಸಿ ಕೊಟ್ಟೆ.

ಸಂಚಿಕೆಯ ಐನೂರು ಪ್ರತಿ ಅಚ್ಚಾಯಿತು. ಚಿತ್ರ ಒಂದು ಪೂರ್ತಿ ಪುಟ ತುಂಬಿತ್ತು. ನನ್ನ ಫೋನಿನಲ್ಲಿ ಬೆರಳಗಲವಾಗಿ ಕಾಣುತ್ತಿದ್ದ ಅಂಚು ಅಲ್ಲಿ ನಾಲ್ಕು ಬೆರಳಗಲವಾಗಿ, ಪೆನ್ಸಿಲಿನ ಅಕ್ಷರ ಒಂದೊಂದೂ ಬಿಡಿಸಿಟ್ಟಂತೆ ಕಾಣಿಸಿತು. ಹಾಲಿನ ಬಾಕಿಯ ಕೆಳಗೆ ಒಂದು ಸಾಲು: ಬಳೆ ಎರಡು, ಅಡವು, ಕಾಲೇಜು ಫೀಸಿಗೆ, ಇವರಿಗೆ ಹೇಳಿಲ್ಲ.

'ಇವರು' ಎಂದರೆ ಯಾರೆಂದು ಕನ್ನಡ ಬಲ್ಲವರಿಗೆ ಹೇಳಬೇಕಾಗಿಲ್ಲ. ಆ ಬಳೆಗಳು ಜಾತ್ರೆಯಲ್ಲಿ ಕಳೆದುಹೋದವೆಂದು ದೊಡ್ಡಮ್ಮ ಮನೆಯಲ್ಲಿ ಹೇಳಿದ್ದರಂತೆ. ಆ ಕಾರಣಕ್ಕೆ ಅತ್ತೆಯಿಂದ, ಗಂಡನಿಂದ ಅನ್ನಿಸಿಕೊಂಡಿದ್ದರು. ಗಂಡ ತೀರಿಕೊಂಡು ಬಹುಕಾಲವಾಯಿತು; ಆತ ಸಾಯುವವರೆಗೂ ನಂಬಿದ್ದು ಜಾತ್ರೆಯ ಕಥೆಯನ್ನೇ. ಯಾರ ಫೀಸಿಗಾಗಿ ಬಳೆ ಹೋಯಿತೋ ಆ ಮಗ ಈಗ ಅರುವತ್ತರ ಹತ್ತಿರದವರು, ಬೆಂಗಳೂರಿನಲ್ಲಿದ್ದಾರೆ. ಶಾಲೆಯ ಹಳೆಯ ವಿದ್ಯಾರ್ಥಿಯಾಗಿ ಸಮಾರಂಭಕ್ಕೆ ಬಂದಿದ್ದರು. ತಾಯಿಯ ಅಕ್ಷರವನ್ನು ಗುರುತಿಸದ ಮಗ ಯಾರು?

ಮಾರನೆಯ ದಿನ ನಾನು ಹೋದಾಗ ದೊಡ್ಡಮ್ಮ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. "ನಿಮಗೆ ಓದೋಕೆ ಕೊಟ್ಟೆ ಮೇಷ್ಟ್ರೇ, ಅವನಿಗೆ ಓದೋಕೆ ಕೊಟ್ಟಿರಲಿಲ್ಲ" ಎಂದರು, ಅಷ್ಟೆ. ಒಳಗೆ ಹೋಗಿ ಕಾಫಿ ತಂದುಕೊಟ್ಟರು.

ಮನೆಗೆ ಬಂದ ಮೇಲೆ ನನ್ನ ಮನಸ್ಸು ಮೊದಲು ಮಾಡಿದ ಕೆಲಸ ಇನ್ನೊಬ್ಬರ ಮೇಲೆ ತಪ್ಪು ಹಾಕುವುದು. ಮನುಷ್ಯನ ಮನಸ್ಸು ಈ ವಿಷಯದಲ್ಲಿ ಬಹಳ ಚುರುಕು. ಆ್ಯಪಿನ ತಪ್ಪು ಎಂದುಕೊಂಡೆ. ಚಿತ್ರವನ್ನು ಹೊರಗೆ ಕಳುಹಿಸುವಾಗ ಅದರ ಕೆಳಗಿನ ಮಾತನ್ನು ಏಕೆ ಜೊತೆಗೆ ಕಳುಹಿಸಬಾರದಿತ್ತು? ತಂಗಿಯ ಮಗನನ್ನು ಕೂರಿಸಿಕೊಂಡು ಈ ಆ್ಯಪುಗಳು ಚಿತ್ರವನ್ನು ಹೇಗೆ ಇಟ್ಟುಕೊಳ್ಳುತ್ತವೆ, ಹೇಗೆ ಕೊಡುತ್ತವೆ ಎಂದು ವಿಚಾರಿಸಿದೆ. ಅವನು ತೋರಿಸಿದ್ದು ನನ್ನ ವಾದಕ್ಕೆ ಅನುಕೂಲವಾಗಿರಲಿಲ್ಲ.

ಎವರ್‌ನೋಟ್ ತನ್ನ ಟಿಪ್ಪಣಿಗಳನ್ನು ಹೊರಗೆ ಕೊಡುವ ಕಡತದಲ್ಲಿ ಬರಹವೂ ಚಿತ್ರವೂ ಒಂದೇ ಕಟ್ಟಿನಲ್ಲಿರುತ್ತವೆ. ಚಿತ್ರವನ್ನು ಅಕ್ಷರ ಅಂಕಿಗಳ ಉದ್ದನೆಯ ಸರವಾಗಿ ಬರೆದಿಟ್ಟಿರುತ್ತಾರೆ. ಹಾಗೆ ಬರೆದರೆ ಚಿತ್ರದ ಗಾತ್ರ ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ಬರಹದಲ್ಲಿ ಚಿತ್ರ ಇರಬೇಕಾದ ಜಾಗದಲ್ಲಿ ಒಂದು ಗುರುತು. ಆ ಗುರುತನ್ನು ಚಿತ್ರದಿಂದಲೇ ಲೆಕ್ಕ ಹಾಕಿ ತೆಗೆದಿರುವುದರಿಂದ ಯಾವ ಚಿತ್ರ ಯಾವ ಮಾತಿನ ಪಕ್ಕದ್ದೆಂಬುದು ತಪ್ಪುವುದಿಲ್ಲ. ಗೂಗಲ್ ಕೀಪಿನಲ್ಲಿರುವುದನ್ನು ಅವರ ಟೇಕ್‌ಔಟ್ ಎಂಬ ಸೌಕರ್ಯದ ಮೂಲಕ ತರಿಸಿಕೊಂಡರೆ ಪ್ರತಿ ಟಿಪ್ಪಣಿಗೂ ಒಂದು ಬರಹದ ಫೈಲು, ಚಿತ್ರಗಳು ಬೇರೆ ಬೇರೆಯಾಗಿ. ಆದರೆ ಬರಹದ ಫೈಲಿನೊಳಗೆ ಚಿತ್ರದ ಫೈಲಿನ ಹೆಸರಿರುತ್ತದೆ. ಅಂದರೆ ಯಂತ್ರ ಸಂಬಂಧವನ್ನು ಮರೆತಿರುವುದಿಲ್ಲ. ಇಡೀ ಕಟ್ಟನ್ನು ಬಿಚ್ಚಿ ಚಿತ್ರಗಳನ್ನಷ್ಟೆ ಆರಿಸಿಕೊಂಡು ಉಳಿದದ್ದನ್ನು ಬಿಡುವುದು ನಾವು. 'ಚಿತ್ರ ಮಾತ್ರ ಸಾಕು' ಎಂದದ್ದು ನನ್ನ ಬಾಯಿ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಟಿಪ್ಪಣಿಯೊಳಗಿನ ಚಿತ್ರವನ್ನು ಬೇರೆಡೆ ಬಳಸಬೇಕಾದರೆ ಸಾಮಾನ್ಯ ಜನ ಮಾಡುವುದು ಸ್ಕ್ರೀನ್‌ಶಾಟ್. ಪರದೆಯ ಮೇಲೆ ಕಂಡಷ್ಟನ್ನು ಹಾಗೆಯೇ ಹಿಡಿಯುವುದು. ತಿಳಿದವರು ಇದನ್ನು ಒಪ್ಪುವುದಿಲ್ಲ. ಅದರಲ್ಲಿ ಬರುವುದು ಪರದೆಯಷ್ಟೇ ಸೂಕ್ಷ್ಮತೆ. ಚಿತ್ರ ಮೊದಲು ತೆಗೆದಾಗ ಇದ್ದ ವಿವರವೆಲ್ಲ ಹೋಗಿಬಿಡುತ್ತದೆ. ಮೂಲ ಫೈಲನ್ನೇ ಇಳಿಸಿಕೊಳ್ಳಬೇಕು; ಒನ್‌ನೋಟಿನಲ್ಲಾದರೆ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಉಳಿಸಿಕೊಳ್ಳಬಹುದು. ನಮ್ಮ ಹುಡುಗನೂ ಮೂಲವನ್ನೇ ತೆಗೆದುಕೊಟ್ಟ. ಕೆಲಸ ಅಚ್ಚುಕಟ್ಟು. ಆದರೆ ನೋಡಿ, ನಾನು ಹೆಡ್ಡನಂತೆ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಆ ಪೆನ್ಸಿಲಿನ ಸಾಲು ಬರೀ ಬೂದಿಬಣ್ಣದ ಮಸುಕಾಗಿ ಅಚ್ಚಾಗುತ್ತಿತ್ತು, ಯಾರಿಗೂ ಓದಲು ಬರುತ್ತಿರಲಿಲ್ಲ. ಚಿತ್ರವನ್ನು ಪೂರ್ಣವಾಗಿ, ನಷ್ಟವಿಲ್ಲದೆ ಉಳಿಸಿಕೊಂಡದ್ದರಿಂದಲೇ ಅನಾಹುತವಾಯಿತು. ಕಾಪಾಡುವುದು ಯಾವಾಗಲೂ ಒಳ್ಳೆಯದೇ ಎಂದು ನಾನು ನಂಬಿಕೊಂಡಿದ್ದೆ. ಹಳೆಯ ಹಾಡುಗಳ ಹಿಂದೆ ಬಿದ್ದವನಿಗೆ ಬೇರೆ ನಂಬಿಕೆ ಹೇಗೆ ಬಂದೀತು? ಆದರೆ ಒಂದು ಪುಟದಲ್ಲಿ ಉಳಿಯಬೇಕಾದದ್ದೂ ಮಾಸಬೇಕಾದದ್ದೂ ಒಟ್ಟಿಗಿರುತ್ತವೆ. ದೊಡ್ಡಮ್ಮ ಹಾಡನ್ನು ಮಸಿಯಲ್ಲಿ ಬರೆದಿದ್ದರು, ಲೆಕ್ಕವನ್ನು ಪೆನ್ಸಿಲಿನಲ್ಲಿ. ಅದಕ್ಕೊಂದು ಅರ್ಥವಿತ್ತು. ಕ್ಯಾಮರಾಕ್ಕೆ ಅದು ತಿಳಿಯಲಿಲ್ಲ; ನನಗೆ ತಿಳಿಯಬೇಕಾಗಿತ್ತು.

ನನ್ನ ಮಿತ್ರರಾದ ವಕೀಲರೊಬ್ಬರಿಗೆ ಇದೆಲ್ಲ ಅತಿರೇಕವಾಗಿ ಕಂಡಿತು. "ಬೇಡವಾಗಿದ್ದರೆ ಪುಸ್ತಕ ತೋರಿಸಲೇಬಾರದಿತ್ತು. ಒಬ್ಬರಿಗೆ ತೋರಿಸಿದ ಮೇಲೆ ಗುಟ್ಟು ಎಲ್ಲಿ ಉಳಿಯಿತು?" ಎಂಬುದು ಅವರ ವಾದ. ವಾದ ಬಲವಾದದ್ದೇ. ಆದರೆ ಅವರ ಶಾಸ್ತ್ರವೇ ಇದನ್ನು ಪೂರ್ತಿ ಒಪ್ಪುವುದಿಲ್ಲವೆಂದು ನನಗೆ ತೋರುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯದ ಕಾಯ್ದೆ ಸ್ವಂತ ಉಪಯೋಗಕ್ಕೆ, ಸಂಶೋಧನೆಯೂ ಸೇರಿದಂತೆ, ನ್ಯಾಯವಾಗಿ ಬಳಸಿಕೊಳ್ಳುವುದಕ್ಕೆ ವಿನಾಯಿತಿ ಕೊಟ್ಟಿದೆ. ಅದನ್ನು ಅಚ್ಚು ಹಾಕಿ ಹಂಚುವುದು ಬೇರೆ ಮಾತು. 2023ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೋ ಮನೆವಾರ್ತೆಗೋ ಮಾಡಿಕೊಳ್ಳುವ ಉಪಯೋಗವನ್ನು ತನ್ನ ಕೈಯಿಂದ ಹೊರಗಿಟ್ಟಿದೆ. ಅಂದರೆ ನನ್ನ ಟಿಪ್ಪಣಿ ಪುಸ್ತಕ ಒಂದು ಮನೆ. ಅದಕ್ಕೊಂದು ಹೊಸ್ತಿಲಿದೆ ಎಂಬುದನ್ನು ಕಾನೂನು ಬಲ್ಲದು. ಹೊಸ್ತಿಲ ಒಳಗೆ ತೋರಿಸಿದ್ದು ಬೀದಿಯಲ್ಲಿ ತೋರಿಸಿದಂತಲ್ಲ. ಬಾಣಂತಿಯ ಕೋಣೆಗೆ ನಮ್ಮನ್ನು ಕರೆದರೆಂದು ಊರವರನ್ನೆಲ್ಲ ಕರೆದುಕೊಂಡು ಹೋಗುತ್ತೇವೆಯೇ?

ವಕೀಲರೊಡನೆ ಮಾತನಾಡುತ್ತಿದ್ದಾಗಲೇ ನನಗೆ ಹಳೆಯ ಧರ್ಮಶಾಸ್ತ್ರದ ಒಂದು ಪ್ರಕರಣ ನೆನಪಾಯಿತು. ಮನು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ನಂತರ ಎರಡನೆಯದಾಗಿ ಬರುವುದು ನಿಕ್ಷೇಪ, ಅಂದರೆ ಇಡುಗಂಟು. ಹೇಗೆ ಕೊಟ್ಟನೋ ಹಾಗೆಯೇ ತೆಗೆದುಕೊಳ್ಳುವಂತಿರಬೇಕು ಎಂಬುದು ಅಲ್ಲಿಯ ನಿಯಮದ ತಿರುಳು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉಪನಿಧಿ ಎಂಬ ಇನ್ನೊಂದು ಬಗೆ ಬರುತ್ತದೆ. ಒಳಗೇನಿದೆಯೆಂದು ಹೇಳದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಇನ್ನೊಬ್ಬನ ವಶಕ್ಕೆ ಕೊಟ್ಟ ವಸ್ತು ಅದು. ಇಟ್ಟುಕೊಂಡವನು ಅದನ್ನು ಹಾಗೆಯೇ ಹಿಂದಿರುಗಿಸಬೇಕು. ತನ್ನ ಉಪಯೋಗಕ್ಕೆ ಬಳಸಿಕೊಂಡರೆ ದಂಡ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಕಲ್ಯಾಣದ ವರ್ತಕರು ಪೆಟ್ಟಿಗೆಗಳನ್ನು ಒಬ್ಬರಲ್ಲೊಬ್ಬರು ಇಟ್ಟು ದೂರ ದೇಶಕ್ಕೆ ಹೋಗುತ್ತಿದ್ದ ಚಿತ್ರ ಈ ಪ್ರಕರಣವನ್ನು ಓದುವಾಗ ನನ್ನ ಕಣ್ಣಿಗೆ ಕಟ್ಟುತ್ತದೆ. ಇದು ನನ್ನ ಕಲ್ಪನೆ ಮಾತ್ರ, ಚರಿತ್ರೆಯೆಂದು ಓದುಗರು ತಿಳಿಯಬಾರದು.

ಈಗ ನನ್ನ ಸಂಗತಿಯನ್ನು ನೋಡಿ. ಒಂದೇ ಚಿತ್ರದಲ್ಲಿ ಎರಡು ಇಡುಗಂಟುಗಳಿವೆ. ಆ್ಯಪಿನ ಕಂಪೆನಿಯವರ ಹತ್ತಿರ ನಾನು ಇಟ್ಟದ್ದು ಒಂದು. ನನ್ನ ಹತ್ತಿರ ದೊಡ್ಡಮ್ಮ ಇಟ್ಟದ್ದು ಇನ್ನೊಂದು. ಮೊದಲನೆಯದರಲ್ಲಿ ನಾನು ಒಡೆಯ. ಎರಡನೆಯದರಲ್ಲಿ ನಾನು ಕಾವಲಿನವನು. ಕಂಪೆನಿಯ ವಿಷಯದಲ್ಲಿ ನನ್ನ ನಾಲಗೆ ಎಷ್ಟು ಹರಿತ! ನನ್ನ ಚಿತ್ರ ನನಗೆ ಬೇಕಾದಾಗ ಸಿಗಬೇಕು, ಇದ್ದ ಹಾಗೆಯೇ ಸಿಗಬೇಕು, ನನ್ನದನ್ನು ನಾನು ಎಲ್ಲಿಗೆ ಬೇಕಾದರೂ ಒಯ್ದೇನು, ಕೇಳಲು ನೀವು ಯಾರು? ಇದು ನ್ಯಾಯವಾದ ಮಾತೇ. ಆದರೆ 'ನನ್ನ ಚಿತ್ರ, ನನ್ನ ಚಿತ್ರ' ಎಂದು ಕಂಪೆನಿಯ ಎದುರು ಹತ್ತು ಸಲ ಹೇಳಿ ಹೇಳಿ, ಅದು ನಿಜವಾಗಿಯೂ ನನ್ನದೇ ಎಂದು ನನಗೇ ನಂಬಿಕೆ ಬಂದುಬಿಟ್ಟಿತ್ತು. ತೆಗೆದ ಕೈ ನನ್ನದು, ಫೋನು ನನ್ನದು. ಅಕ್ಷರ ನನ್ನದಾಗಿರಲಿಲ್ಲ, ಬಳೆ ನನ್ನದಾಗಿರಲಿಲ್ಲ.

ಯೂರೋಪಿನವರು ಈ ತೊಡಕನ್ನು ಕಂಡಿದ್ದಾರೆ. 2018ರ ಮೇ 25ರಿಂದ ಜಾರಿಗೆ ಬಂದ ಅವರ ದತ್ತಾಂಶ ರಕ್ಷಣೆಯ ಕಾನೂನಿನ ಇಪ್ಪತ್ತನೆಯ ವಿಧಿ, ವ್ಯಕ್ತಿ ತಾನು ಕೊಟ್ಟ ವೈಯಕ್ತಿಕ ವಿಷಯಗಳನ್ನು ಯಂತ್ರ ಓದಬಲ್ಲ ರೂಪದಲ್ಲಿ ಹಿಂದಕ್ಕೆ ಪಡೆದು ಬೇರೆಡೆಗೆ ಒಯ್ಯುವ ಹಕ್ಕನ್ನು ಕೊಡುತ್ತದೆ. ಅದೇ ವಿಧಿಯ ನಾಲ್ಕನೆಯ ಉಪವಿಧಿಯಲ್ಲಿ, ಆ ಹಕ್ಕು ಇತರರ ಹಕ್ಕುಗಳಿಗೂ ಸ್ವಾತಂತ್ರ್ಯಕ್ಕೂ ಬಾಧಕವಾಗಬಾರದೆಂದಿದೆ. ಹಕ್ಕನ್ನು ಬಲ್ಲವರು ಬಹಳ ಮಂದಿ. ನಾಲ್ಕನೆಯ ಉಪವಿಧಿಯವರೆಗೆ ಓದುವವರು ಕಡಮೆ.

ಹಾಗಾದರೆ ಏನನ್ನೂ ಹೊರಗೆ ತೆಗೆಯದೆ ಇದ್ದಲ್ಲಿಯೇ ಇಡಬೇಕೆ? ಅದು ಸಾಧ್ಯವಿಲ್ಲ, ಸರಿಯೂ ಅಲ್ಲ. ಈ ಆ್ಯಪುಗಳು ಕಲ್ಲಿನ ಕಟ್ಟಡಗಳಲ್ಲ. ಸ್ಪ್ರಿಂಗ್‌ಪ್ಯಾಡ್ ಎಂಬ ಟಿಪ್ಪಣಿಯ ಸೇವೆ 2014ರ ಜೂನಿನಲ್ಲಿ ಬಾಗಿಲು ಮುಚ್ಚಿತು. ಅಲ್ಲಿಟ್ಟವರು ಅಷ್ಟರೊಳಗೆ ಗಂಟು ಕಟ್ಟಿಕೊಂಡು ಹೊರಡಬೇಕಾಯಿತು. ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಹಣ ಕೊಡದೆ ಬಳಸುವವರಿಗೆ ಐವತ್ತು ಟಿಪ್ಪಣಿ, ಒಂದು ಪುಸ್ತಕ ಎಂಬ ಮಿತಿ ಹಾಕಿತು. ಮನೆ ಬಾಡಿಗೆಯದು, ಎಂದಾದರೂ ಸಾಮಾನು ಸಾಗಿಸಲೇಬೇಕು. ಅಲ್ಲದೆ ದೊಡ್ಡಮ್ಮನ ಹಾಡು ನನ್ನ ಫೋನಿನಲ್ಲಿಯೇ ಕೊಳೆತರೆ ಯಾರಿಗೆ ಏನು ಲಾಭ? ಹಾಡನ್ನು ಅವರು ಮುಚ್ಚಿಟ್ಟಿರಲಿಲ್ಲ. ಮದುವೆಯ ಮನೆಗಳಲ್ಲಿ ಕರೆದು ಹಾಡಿಸಿದವರ ಮುಂದೆಲ್ಲ ಹಾಡಿದ್ದರು. ಹಾಡು ಹೊರಗೆ ಬರಬೇಕು, ಲೆಕ್ಕ ಒಳಗಿರಬೇಕು. ಒಂದು ಚಿತ್ರದಲ್ಲಿ ಇವೆರಡನ್ನು ಬೇರೆ ಮಾಡಬೇಕಾದರೆ ಒಬ್ಬ ಮನುಷ್ಯ ಕೂತು ಅಂಚನ್ನು ಕತ್ತರಿಸಬೇಕಾಗಿತ್ತು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ನನಗೆ ಏಕೆ ತೋಚಲಿಲ್ಲ ಎಂದರೆ, ಅಂಕಿ ಹೊತ್ತು ಬಂದ ಆ 312 ಚಿತ್ರಗಳಲ್ಲಿ ಇದು ಯಾರದೆಂಬುದೇ ನನಗೆ ಆ ಹೊತ್ತಿಗೆ ನೆನಪಿರಲಿಲ್ಲ. ಅಂದವಾದ ಒಂದು ಹಳೆಯ ಪುಟ, ಅಷ್ಟೆ. ಮನುಷ್ಯರಿಂದ ಬಿಡಿಸಿಕೊಂಡು ಬಂದ ಚಿತ್ರ ಬಹಳ ಬೇಗ ಬರಿಯ ಅಲಂಕಾರವಾಗಿಬಿಡುತ್ತದೆ.

ತಂಗಿಯ ಮಗ ಈಗ ನನಗೊಂದು ಕ್ರಮ ಹೇಳಿಕೊಟ್ಟಿದ್ದಾನೆ. ಚಿತ್ರದ ಫೈಲಿನೊಳಗೇ ವಿವರಣೆ, ಕರ್ತೃ, ಬಳಕೆಯ ಷರತ್ತು ಬರೆಯಲು ಸ್ಥಳವಿರುತ್ತದಂತೆ. ಐಪಿಟಿಸಿ ಎಂಬ ಹೆಸರಿನ ಈ ಏರ್ಪಾಟನ್ನು ಮಾಡಿಕೊಂಡವರು ಪತ್ರಿಕಾ ಪ್ರಪಂಚದವರೇ. ಬೆನ್ನಿಗೆ ಚೀಟಿ ಅಂಟಿಸುತ್ತಿದ್ದವರು ಬೆನ್ನೇ ಇಲ್ಲದ ಚಿತ್ರಕ್ಕೆ ಹೊಟ್ಟೆಯೊಳಗೆ ಚೀಟಿ ಇಟ್ಟರು. ಆದರೆ ಅಂಥ ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಆ ಚೀಟಿ ದಾರಿಯಲ್ಲಿ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಉಳಿಯುತ್ತದೆ. ಇಷ್ಟು ಜ್ಞಾಪಕವಿಟ್ಟುಕೊಳ್ಳುವುದು ನನ್ನ ವಯಸ್ಸಿಗೆ ಕಷ್ಟ. ಆದ್ದರಿಂದ ಫೈಲಿನ ಹೆಸರಿನಲ್ಲಿಯೇ ಮನೆಯ ಗುರುತನ್ನೂ 'ಕೇಳದೆ ಕೊಡತಕ್ಕದ್ದಲ್ಲ' ಎಂಬುದನ್ನೂ ಬರೆಯುತ್ತಿದ್ದೇನೆ. ದಿನಕ್ಕೆ ಹತ್ತು ಹದಿನೈದು ಆಗುತ್ತವೆ. ಟಿಪ್ಪಣಿಯಲ್ಲಿ ಏನೂ ಬರೆಯದೆ ಬಿಟ್ಟಿದ್ದ ನಲವತ್ತೊಂದು ಚಿತ್ರಗಳಿವೆ. ಅವುಗಳಲ್ಲಿ ಕೆಲವು ಯಾರ ಮನೆಯವೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಅಂಥವನ್ನು ಅಳಿಸಬೇಕೋ ಇಡಬೇಕೋ ತಿಳಿಯದೆ ಬೇರೆ ಫೋಲ್ಡರಿನಲ್ಲಿ ಹಾಕಿದ್ದೇನೆ.

ಈ ಲೇಖನವನ್ನು ಕಳುಹಿಸುವ ಮೊದಲು ದೊಡ್ಡಮ್ಮನ ಮನೆಗೆ ಹೋಗಿ ಓದಿ ಹೇಳಿದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆಂದೂ ಹೇಳಿದೆ. ಮಗನಿಗೆ ತಿಳಿದ ಮೇಲೆ ಇನ್ನು ಊರಿಗೆ ತಿಳಿದರೇನು ಎಂದರು. ಮಗ ಏನೆಂದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರಾಗಿ ಹೇಳಲೂ ಇಲ್ಲ. ಒಂದು ವಾಕ್ಯವನ್ನು ತೆಗೆಯಿರಿ ಎಂದರು, ತೆಗೆದಿದ್ದೇನೆ. ಆಮೇಲೆ ಸ್ಮರಣ ಸಂಚಿಕೆಯನ್ನು ತರಿಸಿ, ಕನ್ನಡಕ ಹಾಕಿಕೊಂಡು, ಆ ಪುಟವನ್ನು ಬಹಳ ಹೊತ್ತು ನೋಡಿದರು. ಅಂಚನ್ನಲ್ಲ, ನಡುವಿನ ಹಾಡನ್ನು.

"ಹಾಡು ಪೂರ್ತಿ ಬಂದಿಲ್ಲವಲ್ಲ ಮೇಷ್ಟ್ರೇ" ಎಂದರು. "ಇನ್ನೂ ಎರಡು ನುಡಿ ಇದೆ. ಹಾಳೆ ಮಗುಚಿದರೆ ಹಿಂದಿನ ಪುಟದಲ್ಲಿ."